ಮಾರಾಟ ತಾಣಗಳ ಕಾನೂನು ಹೊಣೆ: ನವೋದ್ಯಮಗಳು ತಿಳಿಯಬೇಕಾದ 79ನೆಯ ಕಲಮು

2004ರ ನವೆಂಬರ್‌ನಲ್ಲಿ ಬಾಜೀ ಡಾಟ್ ಕಾಂ ಎಂಬ ಅಂತರ್ಜಾಲ ಹರಾಜು ತಾಣದಲ್ಲಿ ಬಳಕೆದಾರನೊಬ್ಬನು ಅಶ್ಲೀಲ ದೃಶ್ಯತುಣುಕೊಂದನ್ನು ಮಾರಾಟಕ್ಕಿಟ್ಟನು. ತಾಣವು ಅದನ್ನು ತಯಾರಿಸಿರಲಿಲ್ಲ. ಮಾರುವವನಿಗೂ ಕೊಳ್ಳುವವನಿಗೂ ಸ್ಥಳ ಒದಗಿಸಿತ್ತು, ಅಷ್ಟೇ. ಆದರೂ ಮರುತಿಂಗಳು ಅದರ ಮುಖ್ಯಸ್ಥ ಅವನೀಶ್ ಬಜಾಜ್ ಅವರ ಬಂಧನವಾಯಿತು. ಕಂಪನಿಯನ್ನೇ ಆರೋಪಿಯನ್ನಾಗಿಸದೆ ನಿರ್ದೇಶಕರ ಮೇಲೆ ಮೊಕದ್ದಮೆ ನಡೆಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿದ್ದು 2012ರಲ್ಲಿ. ಬಾಜೀಗೆ ಈಬೇಯಂತಹ ಮಾತೃಸಂಸ್ಥೆಯ ಬೆಂಬಲವಿತ್ತು. ಎರಡು ಕೊಠಡಿಗಳ ಕಚೇರಿಯಲ್ಲಿ ಆರಂಭವಾದ ಉದ್ದಿಮೆಯು ಎಂಟು ವರ್ಷಗಳ ವ್ಯಾಜ್ಯವನ್ನು ತಾಳಿಕೊಳ್ಳುವುದು ಕಷ್ಟಸಾಧ್ಯ.

ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ ಮೂಲ 79ನೆಯ ಕಲಮು ನೀಡುತ್ತಿದ್ದ ರಕ್ಷಣೆಯು ಆ ಕಾಯಿದೆಗೆ ಮಾತ್ರ ಸೀಮಿತವಾಗಿತ್ತು. ತನಗೆ ತಿಳಿದಿರಲಿಲ್ಲವೆಂದೋ ತಕ್ಕ ಎಚ್ಚರಿಕೆ ವಹಿಸಿದ್ದೆನೆಂದೋ ತಾಣವೇ ರುಜುವಾತುಪಡಿಸಬೇಕಿತ್ತು. 2009ರ ಅಕ್ಟೋಬರ್ 27ರಂದು ಜಾರಿಗೆ ಬಂದ ತಿದ್ದುಪಡಿಯು ರಕ್ಷಣೆಯನ್ನು ಇತರ ಕಾನೂನುಗಳಿಗೂ ವಿಸ್ತರಿಸಿತು. ಆದರೆ ಇದು ಷರತ್ತುಬದ್ಧ ರಕ್ಷಣೆ. ತಾಣವು ಮಾಹಿತಿಯನ್ನು ತಾನೇ ಆಯ್ದು ಮಾರ್ಪಡಿಸುತ್ತಿದ್ದರೆ ಅದು ಕೈತಪ್ಪಬಹುದು. ಮಾರಾಟಗಾರರ ಪರವಾಗಿ ಸರಕಿನ ವಿವರಣೆ ಬರೆದುಕೊಡುವ ನವೋದ್ಯಮಗಳು ಈ ಅಂಶವನ್ನು ಗಮನಿಸುವುದೇ ವಿರಳ.

ಕಾನೂನುಬಾಹಿರ ವಿಷಯವು ತಾಣದಲ್ಲಿದೆಯೆಂದು ತಿಳಿದ ಮೇಲೂ ತೆಗೆಯದಿದ್ದರೆ ರಕ್ಷಣೆಯಿಲ್ಲ. 'ತಿಳಿದ ಮೇಲೆ' ಎಂದರೇನು? ಯಾರೋ ಬರೆದ ದೂರಿನ ಪತ್ರವಲ್ಲ. ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಅಧಿಸೂಚನೆ ಎಂದು 2015ರ ಶ್ರೇಯಾ ಸಿಂಘಾಲ್ ತೀರ್ಪು ಸ್ಪಷ್ಟಪಡಿಸಿತು. ದೂರು ಬಂದೊಡನೆ ಭಯದಿಂದ ಎಲ್ಲವನ್ನೂ ಅಳಿಸುತ್ತಿದ್ದ ಸಣ್ಣ ತಾಣಗಳಿಗೆ ಇದು ದೊಡ್ಡ ಉಪಕಾರ.

2021ರ ನಿಯಮಗಳು ಹೊರಬಂದಾಗ ಇಂತಹ ಆದೇಶಪಾಲನೆಗೆ 36 ಗಂಟೆಗಳ ಗಡುವಿತ್ತು. ನಿಯಮಗಳು ಆಗಾಗ ತಿದ್ದುಪಡಿಯಾಗುತ್ತಿರುವುದರಿಂದ ಹಳೆಯ ಪ್ರತಿಯನ್ನು ನಂಬಿ ಕೂರಬಾರದು. ಮುಖ್ಯ ಅನುಪಾಲನಾ ಅಧಿಕಾರಿಯ ನೇಮಕವು 50 ಲಕ್ಷ ನೋಂದಾಯಿತ ಬಳಕೆದಾರರನ್ನು ಮೀರಿದ ಸಾಮಾಜಿಕ ಮಾಧ್ಯಮಗಳಿಗೆ ಮಾತ್ರ. ಕುಂದುಕೊರತೆ ಅಧಿಕಾರಿಯ ಹೆಸರನ್ನು ಪ್ರಕಟಿಸುವುದಾದರೋ ಎಲ್ಲ ಮಧ್ಯವರ್ತಿಗಳ ಕರ್ತವ್ಯ. ಹತ್ತು ಲಕ್ಷ ರೂಪಾಯಿ ವಹಿವಾಟಿನ ಸಂಸ್ಥೆಗೂ ಈ ಖರ್ಚು ತಪ್ಪದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ನವೋದ್ಯಮಗಳಿಗೆ ಕೆಲವು ವಿನಾಯಿತಿ ನೀಡಲು ಅವಕಾಶವಿದೆ. ಆದರೆ ಅದು ಕೇಂದ್ರ ಸರ್ಕಾರದ ಅಧಿಸೂಚನೆಯಿಂದ ದೊರೆಯಬೇಕೇ ಹೊರತು ತಾನಾಗಿ ಅಲ್ಲ.

ಲೆಕ್ಕಪತ್ರಗಳಲ್ಲಿ ಇಂತಹ ಹೊಣೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ನೋಟೀಸು ಬಂದ ನಂತರವೇ. ಆದೇಶ ತಲುಪಿದ ಮತ್ತು ವಿಷಯ ತೆಗೆದ ದಿನಾಂಕ, ಸಮಯಗಳನ್ನು ದಾಖಲಿಸುವ ವಹಿಯೊಂದನ್ನು ಮೊದಲ ದಿನದಿಂದಲೇ ಇಡುವುದು ಒಳಿತು. ತಕ್ಕ ಎಚ್ಚರಿಕೆ ವಹಿಸಿದ್ದಕ್ಕೆ ಮುಂದೆ ಅದೇ ಪುರಾವೆ.