ಗಂಗಮ್ಮನ ಹೆಸರನ್ನು ಒಪ್ಪದ ಫಾರಂ

“ಸಾರ್, ಭರತ ಅಂತ ಬರೆದರೆ ಹೋಗುತ್ತೆ. ಗಂಗಮ್ಮ ಅಂತ ಬರೆದರೆ ಕೆಂಪಗೆ ಗೆರೆ ಬರುತ್ತೆ.” ತೆಂಗಿನಕಾಯಿ ಆರ್ಡರ್‌ಗೆಂದು ಮಾಡಿಸಿದ ಫಾರಂ ಬಗ್ಗೆ ಗುಬ್ಬಿಯ ವ್ಯಾಪಾರಿಯೊಬ್ಬರು ಹೀಗೆಂದಾಗ ಅರ್ಧ ಕೆಲಸ ಅವರೇ ಮುಗಿಸಿಕೊಟ್ಟಿದ್ದರು. ಯಾವುದು ಹೋಗುತ್ತೆ, ಯಾವುದು ಹೋಗಲ್ಲ ಎಂದು ಜೋಡಿಯಾಗಿ ಹೇಳುವ ಗಿರಾಕಿ ಸಿಕ್ಕರೆ ದೋಷ ಬೇಗ ಸಿಗುತ್ತದೆ.

ತುಮಕೂರಿನ ಸದಾಶಿವನಗರದಲ್ಲಿ ಕೂತು ನಾನು ಸಣ್ಣ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ವರ್ಡ್‌ಪ್ರೆಸ್ ಮೇಲೆ ಎಲಿಮೆಂಟರ್‌ನಂಥ ಪೇಜ್ ಬಿಲ್ಡರ್ ಇದ್ದರೆ ಕೋಡ್ ಬರೆಯದೆ, ಮೌಸಿನಿಂದ ಎಳೆದು ಪುಟ ಕಟ್ಟಬಹುದು. ಹೆಸರು, ಇಮೇಲ್, ಫೋನ್ ಬಾಕ್ಸ್‌ಗಳು ಸಿದ್ಧವಾಗಿಯೇ ಸಿಗುತ್ತವೆ. ಕುಣಿಗಲ್ ಕಡೆಯ ರೈತರಿಗೆ ಸರ್ವೆ ನಂಬರ್ ಬಾಕ್ಸ್ ಬೇಕೆಂದರೆ ಮಾತ್ರ ನಾವೇ ಸೇರಿಸಬೇಕು, ತಂಟೆ ಶುರುವಾಗುವುದು ಅಲ್ಲೇ. ಹೆಸರಿನಲ್ಲಿ ‘ನಂಬರ್’ ಇದೆಯೆಂದು ಅದಕ್ಕೆ ಅಂಕಿಯ ಬಾಕ್ಸ್ ಇಟ್ಟರೆ 45/2 ಒಳಗೆ ಹೋಗುವುದಿಲ್ಲ. ನಮ್ಮೂರಿನ ಎಸ್‌ಟಿಡಿ ಕೋಡ್ 0816 ಅಂಕಿಯಾಗಿ ಸೇವ್ ಆದರೆ 816 ಆಗಿಬಿಡುತ್ತದೆ. ಕೂಡಿ ಕಳೆಯಬೇಕಾದ್ದಕ್ಕಷ್ಟೇ ಅಂಕಿಯ ಬಾಕ್ಸ್ ಸಾಕು, ಉಳಿದದ್ದಕ್ಕೆಲ್ಲ ಸಾದಾ ಬರಹದ ಬಾಕ್ಸ್ ಇರಲಿ.

ಗಂಗಮ್ಮನ ತೊಡಕು ಇನ್ನೂ ಆಳದ್ದು. ಹೆಸರಿನ ಬಾಕ್ಸ್‌ಗೆ ‘ಅಕ್ಷರ ಮಾತ್ರ’ ಎಂಬ ನಿಯಮವಿತ್ತು. ಯೂನಿಕೋಡ್ ಲೆಕ್ಕದಲ್ಲಿ ಭ, ರ, ತ ಮೂರೂ ಅಕ್ಷರಗಳೇ. ಅನುಸ್ವಾರ, ಕೊಂಬು, ಗುಡಿಸು, ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆ ಮಾತ್ರ ‘ಗುರುತು’ ಎಂಬ ಬೇರೆ ವರ್ಗಕ್ಕೆ ಸೇರುತ್ತವೆ. ನಿಯಮದಲ್ಲಿ ಆ ವರ್ಗವನ್ನೂ ಸೇರಿಸಿದ ಮೇಲೆ ಗಂಗಮ್ಮ ಒಳಗೆ ಬಂದರು. ಇಂಗ್ಲಿಷಿನ ಎ ಇಂದ ಜಡ್‌ವರೆಗೆ ಮಾತ್ರ ಎಂಬ ನಿಯಮವಿದ್ದರಂತೂ ಕನ್ನಡದ ಒಂದು ಹೆಸರೂ ದಾಟುವುದಿಲ್ಲ.

ಉದ್ದದ ಮಿತಿಯೂ ಹೀಗೆಯೇ ಕಾಡುತ್ತದೆ. ‘ಗುಬ್ಬಿ’ ನಮಗೆ ಎರಡಕ್ಷರ, ಬ್ರೌಸರ್‌ಗೆ ಆರು: ಗ, ಕೊಂಬು, ಬ, ವಿರಾಮ, ಇನ್ನೊಂದು ಬ, ಗುಡಿಸು. 20ರ ಮಿತಿ ಇಟ್ಟರೆ ಅಪ್ಪನ ಹೆಸರು ಸೇರಿಸಿ ಬರೆದವರ ಹೆಸರು ನಡುವೆಯೇ ತುಂಡಾಗುತ್ತದೆ. ಸ್ವಂತ ಹೆಸರನ್ನು ಸರಿಯಾಗಿ ಬರೆದವರಿಗೆ ‘ತಪ್ಪು’ ಎನ್ನುವ ಪುಟ ನನಗೆ ಸಹಿಸಲಾಗದು. ಅವರು ದೂರು ಕೊಡುವುದಿಲ್ಲ, ಸುಮ್ಮನೆ ಫೋನ್ ಕೆಳಗಿಡುತ್ತಾರೆ.

ಬರೆದದ್ದು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿಯಲು ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗ ತೆರೆದು ಸಬ್ಮಿಟ್ ಮಾಡಿ ನೋಡಬೇಕು. ಏನೂ ಹೊರಡದಿದ್ದರೆ ಹೆಚ್ಚಾಗಿ ದೋಷ ಪುಟದಲ್ಲೇ ಇರುತ್ತದೆ. ಎಲ್ಲ ಹೊರಟು ಒಂದು ಬಾಕ್ಸ್ ಮಾತ್ರ ಕಾಣದಿದ್ದರೆ ಅದಕ್ಕೆ ಕೋಡಿನಲ್ಲಿ ಒಳಹೆಸರು (name) ಕೊಟ್ಟಿದೆಯೇ ಎಂದು ಮೊದಲು ನೋಡಿ, ಒಳಹೆಸರಿಲ್ಲದ ಬಾಕ್ಸನ್ನು ಬ್ರೌಸರ್ ಕಳಿಸುವುದೇ ಇಲ್ಲ. ನಾವೇ ಎಚ್‌ಟಿಎಂಎಲ್ ಬರೆದು ವರ್ಡ್‌ಪ್ರೆಸ್ ಪುಟಕ್ಕೆ ಕಳಿಸುವ ಫಾರಂನಲ್ಲಿ ‘ನೇಮ್’, ‘ಇಯರ್’, ‘ಡೇ’ ಎಂಬ ಒಳಹೆಸರುಗಳು ಬೇಡವೇ ಬೇಡ. ವರ್ಡ್‌ಪ್ರೆಸ್ ಅವನ್ನು ತನ್ನ ಹುಡುಕಾಟಕ್ಕೆ ಕಾದಿರಿಸಿಕೊಂಡಿದೆ. ಹಾಗಾಗಿ ಗಿರಾಕಿ ಹೆಸರು ತುಂಬಿ ಕಳಿಸಿದ ಕೂಡಲೇ ಅದು ಆ ಹೆಸರಿನ ಪುಟವನ್ನು ಹುಡುಕಿ, ಸಿಗದೆ 404 ತೋರಿಸುತ್ತದೆ.

ಹೊರಟದ್ದು ತಲುಪಿತೇ ಎಂಬುದನ್ನು ಡೇಟಾಬೇಸ್ ತೆರೆದೇ ನೋಡಬೇಕು, ‘ಧನ್ಯವಾದ’ ಎಂಬ ಸಂದೇಶ ನಂಬಿ ಕೂರುವಂತಿಲ್ಲ. ಹಳೆಯ ಲ್ಯಾಟಿನ್ ಕೋಷ್ಟಕದಲ್ಲಿ ಕನ್ನಡ ಹೆಸರುಗಳು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕೂತಿರಬಹುದು. ಕೋಷ್ಟಕವನ್ನು ಯೂನಿಕೋಡ್‌ಗೆ ಬದಲಿಸಿದರೆ ಮುಂದೆ ಬರುವ ಹೆಸರುಗಳು ಉಳಿಯುತ್ತವೆ. ಚಿಹ್ನೆಯಾಗಿ ಹೋದವು ಮರಳುವುದಿಲ್ಲ, ಆ ಗಿರಾಕಿಗಳಿಗೆ ಫೋನ್ ಮಾಡಿ ಹೆಸರು ಮತ್ತೆ ಕೇಳಿಕೊಳ್ಳಬೇಕು.