ಮನಸ್ಸಿನ ಮಾತ್ರೆ ಬಿಡುವಾಗ ಆತುರ ಬೇಡ

ರೋಗಿಯ ಹಕ್ಕುಗಳ ಕುರಿತು ಈ ತಿಂಗಳ ಜುಮಾಗಳಲ್ಲಿ ಹೇಳಿದ್ದರ ಸಾರಾಂಶದಲ್ಲಿ ಒಂದು ವಿಷಯವನ್ನು ಇಲ್ಲಿ ಬಿಡಿಸಿ ಹೇಳಬಯಸುತ್ತೇವೆ. ಅದು ಖಿನ್ನತೆಯ ಮಾತ್ರೆಯನ್ನು ನಿಲ್ಲಿಸುವ ಕ್ರಮ.

ನಮ್ಮ ಅನೇಕ ಮನೆಗಳಲ್ಲಿ ಈ ಮಾತ್ರೆ ಸೇವಿಸುವವರಿದ್ದಾರೆ, ಹೇಳಿಕೊಳ್ಳುವವರು ಕಡಿಮೆ. ಕೆಲವು ತಿಂಗಳಲ್ಲಿ ಗುಣವೆನಿಸುತ್ತದೆ. ರಮಝಾನ್ ಬರುತ್ತದೆ, ಅಥವಾ ಮನೆಯಲ್ಲಿ ಮದುವೆ ಮಾತುಕತೆ ಶುರುವಾಗುತ್ತದೆ. ‘ಇನ್ನು ಅಲ್ಲಾಹನೇ ಸಾಕು’ ಎಂದು ಒಂದೇ ದಿನಕ್ಕೆ ಮಾತ್ರೆ ಬಿಟ್ಟುಬಿಡುತ್ತಾರೆ. ಎರಡು ಮೂರು ದಿನಗಳಲ್ಲಿ ತಲೆಸುತ್ತು, ವಾಕರಿಕೆ, ನಿದ್ದೆಗೇಡು, ವಿಚಿತ್ರ ಕನಸು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ. ಮನೆಯವರು ಒಮ್ಮೆ ಈಮಾನ್ ಕಡಿಮೆಯಾಗಿದೆ ಎನ್ನುತ್ತಾರೆ, ಒಮ್ಮೆ ಜಿನ್ನ್ ಕಾಟ ಎನ್ನುತ್ತಾರೆ.

ಇದು ಎರಡೂ ಅಲ್ಲ. ಔಷಧಿಗೆ ಹೊಂದಿಕೊಂಡಿದ್ದ ಮೆದುಳಿಗೆ ಅದಿಲ್ಲದೆ ಹೊಂದಿಕೊಳ್ಳಲು ಸಮಯ ಬೇಕು. ಹಾಗೆಂದು ಇದು ಅಮಲಿನ ಚಟವೂ ಅಲ್ಲ. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ನಂಥವು ದೇಹದಿಂದ ಬೇಗ ಹೊರಹೋಗುವುದರಿಂದ ತೊಂದರೆ ಹೆಚ್ಚು. ಫ್ಲೂಯೋಕ್ಸೆಟಿನ್ ನಿಧಾನವಾಗಿ ಹೋಗುವುದರಿಂದ ಕಡಿಮೆ. ಎಲ್ಲರಿಗೂ ಹೀಗಾಗುವುದಿಲ್ಲ. ಕೆಲವರಿಗೆ ವಾರಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ತಿಂಗಳುಗಳೇ ಬೇಕಾಗುತ್ತವೆ.

ಕಾಯಿಲೆಯೇ ಮರಳಿತೇ ಎಂಬ ಭಯ ಸಹಜ. ಸಾಮಾನ್ಯವಾಗಿ ಡೋಸ್ ಇಳಿಸಿದ ಕೆಲವೇ ದಿನಗಳಲ್ಲಿ ಶುರುವಾಗಿ, ತಲೆಸುತ್ತು, ಕರೆಂಟ್ ಹೊಡೆದಂತಾಗುವುದು ಜೊತೆಗಿದ್ದರೆ ಅದು ಮಾತ್ರೆ ಬಿಟ್ಟ ತೊಂದರೆ. ವಾರಗಳ ನಂತರ ಹಳೆಯ ದುಃಖ, ನಿರಾಸಕ್ತಿ ಮೆಲ್ಲನೆ ಬಂದರೆ ಕಾಯಿಲೆ ಮರಳಿರಬಹುದು. ತೀರ್ಮಾನ ಮಾತ್ರ ವೈದ್ಯರದ್ದು.

ಇಳಿಸುವುದಕ್ಕೂ ಲೆಕ್ಕವಿದೆ. 20 ಮಿಲಿಗ್ರಾಂನಿಂದ 10ಕ್ಕೆ ಬರುವುದಕ್ಕಿಂತ ಕೊನೆಯ 5ರಿಂದ ಸೊನ್ನೆಗೆ ಬರುವುದು ಅನೇಕರಿಗೆ ಕಷ್ಟ. ಏಕೆಂದರೆ ಸಣ್ಣ ಡೋಸ್ ಕೂಡ ಮೆದುಳಿನಲ್ಲಿ ದೊಡ್ಡ ಪಾಲು ಕೆಲಸ ಮಾಡುತ್ತಿರುತ್ತದೆ. ಆದ್ದರಿಂದ ಕೊನೆಯ ಮೆಟ್ಟಿಲುಗಳು ಇನ್ನೂ ಚಿಕ್ಕದಾಗಿರಬೇಕು. ಪ್ರತಿ ಮೆಟ್ಟಿಲಲ್ಲೂ ಕೆಲವು ವಾರ ನಿಂತು ನೋಡಬೇಕು. ತೊಂದರೆ ಹೆಚ್ಚಾದರೆ ವೈದ್ಯರು ಹಿಂದಿನ ಡೋಸ್‌ಗೆ ಮರಳಿಸಿ ಇನ್ನೂ ನಿಧಾನಿಸುತ್ತಾರೆ. ಅದು ಸೋಲಲ್ಲ. ದಿನ ಬಿಟ್ಟು ದಿನ ನುಂಗುವುದು, ಕ್ಯಾಪ್ಸೂಲ್ ಬಿಚ್ಚಿ ಅಂದಾಜಿನಲ್ಲಿ ಕಡಿಮೆ ಮಾಡುವುದು ಬೇಡ.

ರಮಝಾನ್‌ಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕೇಳಿ. ದಿನಕ್ಕೊಮ್ಮೆಯ ಮಾತ್ರೆಯನ್ನು ಹೆಚ್ಚಾಗಿ ಇಫ್ತಾರ್ ಅಥವಾ ಸಹರಿಗೆ ಬದಲಿಸಬಹುದು. ಉಪವಾಸ ಆಗದಿದ್ದರೆ ರೋಗಿಗೆ ಶರೀಅತ್ ರಿಯಾಯಿತಿ ಕೊಟ್ಟಿದೆ, ಗುಣವಾದ ಮೇಲೆ ಕಝಾ ಮಾಡಬಹುದು.

ಮನೆಯವರಿಗೊಂದು ಮಾತು. ಸಕ್ಕರೆ ಕಾಯಿಲೆಯವರ ಮಾತ್ರೆ ನೋಡಿ ನಾವು ಅವರ ಈಮಾನ್ ಅಳೆಯುವುದಿಲ್ಲ, ಇಲ್ಲೂ ಅಳೆಯಬಾರದು. ಒಂಟೆಯನ್ನು ಕಟ್ಟುವುದೂ ತವಕ್ಕುಲ್‌ನ ಭಾಗವೇ. ನಮಾಝ್, ದುಆ, ಝಿಕ್ರ್ ಮನಸ್ಸಿಗೆ ಬಲ ಕೊಡುತ್ತವೆ, ಆದರೆ ಅವು ಮಾತ್ರೆ ಎಸೆಯಲು ಹೇಳುವುದಿಲ್ಲ. ಡೋಸ್ ಇಳಿಸಿದ ದಿನಾಂಕ, ಆ ವಾರದ ನಿದ್ದೆ, ತಲೆಸುತ್ತುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಪರೀಕ್ಷೆ, ಮದುವೆ, ಮನೆ ಬದಲಾವಣೆಯ ದಿನಗಳಲ್ಲಿ ಇಳಿಸಲು ಹೊರಡಬೇಡಿ. ಸಿಡುಕಿದರೆ ತಿರುಗಿ ಜಗಳವಾಡಬೇಡಿ.

ಬದುಕು ಬೇಡವೆಂಬ ಮಾತು ಬಂದರೆ ಕಾಯಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.

ಸಬ್ರ್ ಎಂದರೆ ನೋವನ್ನು ಬಚ್ಚಿಡುವುದಲ್ಲ, ಸರಿಯಾದ ದಾರಿಯಲ್ಲಿ ನಿಧಾನವಾಗಿ ನಡೆಯುವುದು. ಅಲ್ಲಾಹನು ನಮ್ಮ ರೋಗಿಗಳೆಲ್ಲರಿಗೂ ಶಿಫಾ ಕರುಣಿಸಲಿ, ಅವರ ಕೈಹಿಡಿಯುವ ಮನಸ್ಸನ್ನು ನಮಗೆ ಕೊಡಲಿ. ಆಮೀನ್.