ಬ್ಯಾಂಕ್ ದಿಢೀರನೆ ಸ್ಥಗಿತವಾದರೆ ವ್ಯಾಪಾರಿಗಳು ಮಾಡಬೇಕಾದ ಕೆಲಸಗಳು



ಮಕ್ಕಳ ಓದಿಗೆಂದು ನೀವು ಕೊಡುವ ಝಕಾತ್ ಮತ್ತು ಸದಕಾದ ಹಣ ಬಹುಪಾಲು ಅಂಗಡಿ, ಗ್ಯಾರೇಜು, ಹೋಟೆಲುಗಳ ಗಲ್ಲಾದಿಂದ ಬರುತ್ತದೆ. ವಿದ್ಯಾರ್ಥಿವೇತನ ಪಡೆಯುವ ಅನೇಕ ಮನೆಗಳು ನಡೆಯುವುದೂ ಅಂಥ ಕಡೆ ಸಿಗುವ ಸಂಬಳದಿಂದಲೇ. ಆದ್ದರಿಂದ ಒಂದು ಬ್ಯಾಂಕ್ ನಿಂತರೆ ಕೊಡುವವರಿಗೂ ಪಡೆಯುವವರಿಗೂ ಒಟ್ಟಿಗೇ ಪೆಟ್ಟು ಬೀಳುತ್ತದೆ.

2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಠೇವಣಿದಾರರು ಆಗ ತೆಗೆಯಬಹುದಾಗಿದ್ದ ಮೊತ್ತ ₹35,000 ಮಾತ್ರ. ಅದೇ ವರ್ಷ ಮಾರ್ಚ್ 5ರಂದು ಯೆಸ್ ಬ್ಯಾಂಕಿಗೆ ₹50,000ದ ಮಿತಿ ಬಂತು. ಯೆಸ್ ಬ್ಯಾಂಕಿನ ನಿರ್ಬಂಧ ಮಾರ್ಚ್ 18ಕ್ಕೆ ತೆರವಾಯಿತು. ಸಹಕಾರ ಬ್ಯಾಂಕಿನವರು ಅದಕ್ಕಿಂತ ಬಹಳ ದೀರ್ಘಕಾಲ ಕಾಯಬೇಕಾಯಿತು. ಎಷ್ಟು ದಿನ ಎಂದು ಮೊದಲೇ ಹೇಳಲಾಗದು. ಆದರೆ ಮೊದಲ ವಾರದಲ್ಲಿ ಏನು ಮಾಡಬೇಕೆಂಬುದು ನಮ್ಮ ಕೈಯಲ್ಲಿದೆ.

1. ಆದೇಶವನ್ನು ಓದಿ. ವಾಟ್ಸಾಪ್ ಸುದ್ದಿ ನಂಬಬೇಡಿ. ರಿಸರ್ವ್ ಬ್ಯಾಂಕಿನ ಆದೇಶದಲ್ಲಿ ಹಣ ತೆಗೆಯುವ ಮಿತಿ, ಅವಧಿ, ವಿನಾಯಿತಿ ಬರೆದಿರುತ್ತದೆ. ಯೆಸ್ ಬ್ಯಾಂಕಿನ ವಿಷಯದಲ್ಲಿ ಚಿಕಿತ್ಸೆ, ಉನ್ನತ ಶಿಕ್ಷಣ, ಮದುವೆಯಂಥ ಖರ್ಚಿಗೆ ಅನುಮತಿ ಪಡೆದು ₹5 ಲಕ್ಷದವರೆಗೆ ತೆಗೆಯಲು ಅವಕಾಶವಿತ್ತು. ಕಾಲೇಜು ಫೀಸಿನ ರಶೀದಿ ಇಂಥಲ್ಲಿ ಕೆಲಸಕ್ಕೆ ಬರುತ್ತದೆ.

2. ಬರುವ ಹಣವನ್ನು ಬೇರೆಡೆ ತಿರುಗಿಸಿ. ಗ್ರಾಹಕರಿಗೆ ಅಂದೇ ಬೇರೆ ಬ್ಯಾಂಕಿನ ಖಾತೆ ಸಂಖ್ಯೆ ಕೊಡಿ. ಬಿಲ್ ಪುಸ್ತಕದಲ್ಲೂ ತಿದ್ದಿ. ಕ್ಯೂಆರ್ ಕೋಡಿನ ಹಣ ಯಾವ ಖಾತೆಗೆ ಹೋಗುತ್ತದೆಂದು ನೋಡಿ. ಯೆಸ್ ಬ್ಯಾಂಕನ್ನು ನೆಚ್ಚಿದ್ದ ಫೋನ್‌ಪೇ ಸೇವೆಯೂ ಆಗ ನಿಂತುಹೋಗಿತ್ತು. ಆದ್ದರಿಂದ ಎರಡು ಆ್ಯಪ್ ಇಟ್ಟುಕೊಳ್ಳುವುದು ಒಳ್ಳೆಯದು.

3. ಹೊರಟ ಚೆಕ್ಕುಗಳ ಪಟ್ಟಿ ಮಾಡಿ. ಸರಕು ಕೊಟ್ಟವರಿಗೆ ಚೆಕ್ ವಾಪಸಾಗುವ ಮೊದಲೇ ಫೋನ್ ಮಾಡಿ, ಲಿಖಿತವಾಗಿಯೂ ತಿಳಿಸಿ. ಚೆಕ್ ಬೌನ್ಸ್ ನೋಟಿಸು ಬಂದರೆ ಹಣ ಕೊಡಲು 15 ದಿನವಷ್ಟೇ ಇರುತ್ತದೆ. ತಕ್ಷಣ ವಕೀಲರನ್ನು ಕಾಣಿ. ಆ ಖಾತೆಯಿಂದ ತಾನಾಗಿ ಕಡಿತವಾಗುವ ಬೇರೆ ಸಾಲದ ಕಂತು, ವಿಮಾ ಕಂತುಗಳಿಗೂ ಬೇರೆ ಖಾತೆ ಕೊಡಿ.

4. ಕೈಗೆ ಸಿಕ್ಕ ಹಣದಲ್ಲಿ ಕೂಲಿ ಮೊದಲು. ದುಡಿದವನ ಕೂಲಿ ತಡಮಾಡಬಾರದೆಂಬುದು ನಮ್ಮ ದೀನಿನ ತಾಕೀತು. ನಂತರ ಜಿಎಸ್‌ಟಿ, ಬಾಡಿಗೆ, ವಿದ್ಯುತ್.

5. ಸಾಲದ ಕಂತು ನಿಲ್ಲಿಸಬೇಡಿ. ಬ್ಯಾಂಕ್ ನಿಂತರೂ ಅಲ್ಲಿ ಮಾಡಿದ ಸಾಲ ಮನ್ನಾ ಆಗುವುದಿಲ್ಲ. ವಿಮೆಯ ಹಣ ಕೊಡುವಾಗ ಬಾಕಿಯನ್ನು ಮುರಿದುಕೊಳ್ಳಬಹುದು.

6. ವಿಮೆಯ ಹಣಕ್ಕೆ ಅರ್ಜಿ ಕೊಡಿ. ಡಿಐಸಿಜಿಸಿ ಎಂಬ ಠೇವಣಿ ವಿಮಾ ನಿಗಮ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ ₹5 ಲಕ್ಷದವರೆಗೆ ಕೊಡುತ್ತದೆ. 2020ರ ಫೆಬ್ರವರಿಗೆ ಮೊದಲು ಇದು ₹1 ಲಕ್ಷವಿತ್ತು. 2021ರ ತಿದ್ದುಪಡಿಯ ಪ್ರಕಾರ ನಿರ್ಬಂಧ ಬಂದ 90 ದಿನದೊಳಗೆ ಹಣ ಕೊಡಬೇಕು. ವಿಲೀನದ ಪ್ರಯತ್ನವಿದ್ದರೆ ಇನ್ನೂ 90 ದಿನ ಮುಂದೂಡಬಹುದು. ಅರ್ಜಿಯನ್ನು ನಿಮ್ಮ ಬ್ಯಾಂಕಿನಲ್ಲೇ ಕೊಡಬೇಕು. ಒಪ್ಪಿಗೆ ಪತ್ರ, ಆಧಾರ್, ಪ್ಯಾನ್, ಬೇರೆ ಬ್ಯಾಂಕಿನ ಖಾತೆ ಸಂಖ್ಯೆ ಸಿದ್ಧವಿರಲಿ. ಹಣ ಬಿಡಿಸಿಕೊಡುತ್ತೇವೆಂಬ ದಲ್ಲಾಳಿಗಳಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ಇಲ್ಲಿ ಹಲವರು ಎಡವುವುದು ಲೆಕ್ಕದಲ್ಲಿ. ಒಬ್ಬರೇ ಮಾಲೀಕರಾದ ಅಂಗಡಿಯ ಚಾಲ್ತಿ ಖಾತೆಯಲ್ಲಿ ₹4 ಲಕ್ಷ, ಅವರದೇ ಉಳಿತಾಯ ಖಾತೆಯಲ್ಲಿ ₹3 ಲಕ್ಷ ಇದೆ ಎನ್ನಿ. ಶಾಖೆ ಬೇರೆಯಾದರೂ ಎರಡೂ ಒಬ್ಬರದೇ ಹಣ. ವಿಮೆ ₹5 ಲಕ್ಷಕ್ಕೆ ಮಾತ್ರ. ಉಳಿದ ₹2 ಲಕ್ಷಕ್ಕೆ ಬ್ಯಾಂಕಿನ ಹಣೆಬರಹ ತೀರ್ಮಾನವಾಗುವವರೆಗೆ ಕಾಯಬೇಕು. ಪಾಲುದಾರಿಕೆ ಸಂಸ್ಥೆಯ ಖಾತೆಯಾದರೆ ಪಾಲುದಾರರ ಸ್ವಂತ ಖಾತೆಗಿಂತ ಬೇರೆಯಾಗಿ ಎಣಿಸುತ್ತಾರೆ. ಬಡ್ಡಿ ಬೇಡವೆಂದು ಚಾಲ್ತಿ ಖಾತೆಯಲ್ಲಷ್ಟೇ ಹಣ ಇಡುವವರಿಗೂ ಈ ವಿಮೆ ಇದೆ.

ಆದರೆ ಬ್ಯಾಂಕ್ ಅಲ್ಲದ ಕಡೆ ಇಟ್ಟ ಹಣಕ್ಕೆ ಈ ರಕ್ಷಣೆ ಇಲ್ಲ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೆ ಡಿಐಸಿಜಿಸಿ ವಿಮೆ ಅನ್ವಯಿಸುವುದಿಲ್ಲ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ನಮ್ಮ ಸಮುದಾಯದ ಸಾವಿರಾರು ಕುಟುಂಬಗಳು ಮದುವೆಗೆ, ಓದಿಗೆ ಕೂಡಿಟ್ಟ ಹಣ ಸಿಕ್ಕಿಬಿತ್ತು. ಅದು ಬ್ಯಾಂಕ್ ಆಗಿರಲಿಲ್ಲ. ಹಲಾಲ್ ಲಾಭ ಎಂಬ ಮಾತು ಕೇಳಿದಾಗ, ಹಣಕ್ಕೆ ಯಾರು ಹೊಣೆ ಎಂದೂ ಕೇಳಿ.

ಇಂದೇ ಮಾಡಬಹುದಾದ್ದು ಮೂರು: ಎರಡನೇ ಬ್ಯಾಂಕಿನಲ್ಲಿ ಚಾಲ್ತಿ ಖಾತೆ ತೆರೆಯಿರಿ, ಒಂದು ತಿಂಗಳ ಸಂಬಳದಷ್ಟು ಹಣ ಅಲ್ಲಿಡಿ, ಪ್ರತಿ ತಿಂಗಳ ಖಾತೆ ವಿವರವನ್ನು ಮುದ್ರಿಸಿ ಕಡತದಲ್ಲಿಡಿ.

ವಿದ್ಯಾರ್ಥಿವೇತನದ ಅರ್ಜಿ ತುಂಬುವ ಪೋಷಕರಲ್ಲಿ ಒಂದು ವಿನಂತಿ. ನಿರ್ಬಂಧದಲ್ಲಿರುವ ಬ್ಯಾಂಕಿನ ಖಾತೆ ಸಂಖ್ಯೆ ಬರೆಯಬೇಡಿ. ಅಲ್ಲಿಗೆ ಹೋದ ಫೀಸಿನ ಹಣ ಕಾಲೇಜಿನ ಕೊನೆಯ ದಿನಕ್ಕೆ ಕೈಗೆ ಸಿಗಲಾರದು. ಅರ್ಜಿ ಕೊಟ್ಟ ಮೇಲೆ ಬ್ಯಾಂಕ್ ನಿಂತರೆ ಕೂಡಲೇ ಕಚೇರಿಗೆ ತಿಳಿಸಿ.

ಅಲ್ಲಾಹನು ಎಲ್ಲರ ದುಡಿಮೆಯಲ್ಲಿ ಬರಕತ್ ನೀಡಲಿ, ಮಕ್ಕಳ ಓದು ನಿಲ್ಲದಿರಲಿ. ಆಮೀನ್.